ಸೋಯಾ ಹಾಲಿನ ದೋಹುವಾ ಮನೇಲಿ ಸೆಟ್ ಆಗ್ತಿಲ್ಲ, ತಿಳಿದವರು ಹೇಳಿ

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಸಿಂಗಪುರದಲ್ಲಿ ತಂಗಿ ಮನೆಗೆ ಹೋದಾಗ ಅಲ್ಲಿನ ಹಾಕರ್ ಸೆಂಟರ್‌ನಲ್ಲಿ ತಾವ್ ಹುವೇ ತಿಂದಿದ್ದೆ, ದೋಹುವಾ ಅಂದ್ರೂ ಇದೇ, ಚೀನೀಯರ ಸೋಯಾ ಹಾಲಿನ ಪುಡ್ಡಿಂಗ್, ಬಿಸಿಬಿಸಿ, ಮೇಲೆ ಸಕ್ಕರೆ ಪಾಕ, ಬಾಯಲ್ಲಿಟ್ರೆ ಜಾರಿ ಹೋಗತ್ತೆ. ಈಗ ಬೆಂಗಳೂರಲ್ಲಿ ಪ್ಯಾಕೆಟ್ ಸೋಯಾ ಹಾಲಿಗೆ ನಿಂಬೆರಸ ಹಾಕಿದ್ರೆ ಪನೀರ್ ತರ ಒಡೆದು ಪುಡಿಪುಡಿ ಆಗತ್ತೆ, ಚೈನಾ ಗ್ರಾಸ್ ಹಾಕಿದ್ರೆ ಗಟ್ಟಿ ಜೆಲ್ಲಿ. ಸೋಯಾ ಫುಡ್ ಪ್ರೊಸೆಸಿಂಗ್‌ನಲ್ಲಿ ಕೆಲಸ ಮಾಡೋರು ಈ ಗ್ರೂಪಲ್ಲಿ ಇದ್ದೀರಲ್ಲ, ಸರಿಯಾದ ವಿಧಾನ ಏನು?

ಉತ್ತರ: ಮೊದಲು ಆ ಪ್ಯಾಕೆಟ್ ಹಾಲು ಬಿಡಿ. ಅದು ಕುಡಿಯೋಕೆ ಮಾಡಿರೋದು, ತೆಳು, ಜೊತೆಗೆ ಹಾಲು ಒಡೀಬಾರದು ಅಂತಲೇ ಸ್ಟೆಬಿಲೈಜರ್ ಹಾಕಿರ್ತಾರೆ, ಅದರಲ್ಲಿ ದೋಹುವಾ ಚೆನ್ನಾಗಿ ಕೂರೋದು ಕಷ್ಟ. ಎಲ್ರೂ ಹೆಪ್ಪು ಹಾಕೋ ಪುಡಿ ಬಗ್ಗೆನೇ ಕೇಳ್ತಾರೆ, ಆದ್ರೆ ಅರ್ಧ ಕೆಲಸ ಹಾಲಲ್ಲೇ ಮುಗಿದಿರತ್ತೆ.

150 ಗ್ರಾಂ ಒಣ ಸೋಯಾ ಕಾಳು 8ರಿಂದ 10 ಗಂಟೆ ನೆನೆಸಿ, ಬೇಸಿಗೆ ಆದ್ರೆ ಫ್ರಿಜ್ಜಲ್ಲಿ ನೆನೆಸಿ ಇಲ್ಲಾಂದ್ರೆ ಹುಳಿ ವಾಸನೆ ಬರತ್ತೆ. ನೆನೆದ ನೀರು ಚೆಲ್ಲಿ, ಹೊಸದಾಗಿ ಸುಮಾರು 1.2 ಲೀಟರ್ ನೀರು ಹಾಕ್ಕೊಂಡು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಿ, ಹತ್ತಿರ ಹತ್ತಿರ 1 ಲೀಟರ್ ದಪ್ಪ ಹಾಲು ಸಿಗತ್ತೆ.

ಈಗ ಕುದಿಸೋದು, ಇಲ್ಲಿ ದಯವಿಟ್ಟು ಗಮನ ಕೊಡಿ. ಸುಮಾರು 80 ಡಿಗ್ರಿಗೇ ನೊರೆ ಉಕ್ಕಿ ಮೇಲೆ ಬರತ್ತೆ, ಕುದೀತು ಅನ್ಸತ್ತೆ, ಆದ್ರೆ ಕುದ್ದಿರಲ್ಲ, ಅದು ಕಾಳಲ್ಲಿರೋ ಸಪೋನಿನ್ ಮಾಡೋ ನೊರೆ. ಅಲ್ಲಿಗೇ ಒಲೆ ಆರಿಸಿದ್ರೆ ಹಾಲು ಅರೆಬೆಂದ ಹಾಗೆ, ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಇನ್ಹಿಬಿಟರ್ ಅಂತ, ಪ್ರೋಟೀನ್ ಜೀರ್ಣ ಆಗೋದನ್ನ ತಡೆಯೋ ಅಂಶ ಇರತ್ತೆ, ಕುಡಿದವರಿಗೆ ವಾಂತಿ ಭೇದಿ ಆಗಬಹುದು. ಉರಿ ಸಣ್ಣ ಮಾಡಿ, ನೊರೆ ತೆಗೆದು, ತಳ ಹತ್ತದ ಹಾಗೆ ಕೈಯಾಡಿಸ್ತಾ ನಿಜವಾಗಿ ಕುದ್ದ ಮೇಲೆ ಇನ್ನೂ 10 ನಿಮಿಷ ಬಿಡಿ. ಹಸಿ ಕಾಳಿನ ವಾಸನೆನೂ ಕಮ್ಮಿ ಆಗತ್ತೆ.

ಹೆಪ್ಪಿಗೆ ಹಳೇ ಪದ್ಧತಿ ಅಂದ್ರೆ ಜಿಪ್ಸಮ್, ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್. ಫುಡ್ ಗ್ರೇಡ್ ಮಾತ್ರ, ಲೇಬಲ್ ಮೇಲೆ ಐಎನ್‌ಎಸ್ 516 ಅಂತ ಇರತ್ತೆ, ಹಾರ್ಡ್‌ವೇರ್ ಅಂಗಡಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಯಾವ ಕಾರಣಕ್ಕೂ ಬೇಡ. 1 ಲೀಟರ್ ಹಾಲಿಗೆ 3ರಿಂದ 4 ಗ್ರಾಂ ಜಿಪ್ಸಮ್, 1 ಟೇಬಲ್ ಸ್ಪೂನ್ ಕಾರ್ನ್‌ಫ್ಲೋರ್, ಕಾಲು ಕಪ್ ನೀರು, ದಪ್ಪ ಪಾತ್ರೆಯಲ್ಲಿ ಕಲಸಿಡಿ. ಜಿಪ್ಸಮ್ ನೀರಲ್ಲಿ ಅಷ್ಟಾಗಿ ಕರಗಲ್ಲ, ತಳಕ್ಕೆ ಇಳಿಯತ್ತೆ, ಅದಕ್ಕೇ ಹಾಲು ಹಾಕೋ ಕ್ಷಣದಲ್ಲಿ ಇನ್ನೊಂದ್ಸಲ ಕದಡಬೇಕು. ಹಾಲು 85 ಡಿಗ್ರಿ ಹತ್ತಿರ ಇರುವಾಗ ಒಂದಡಿ ಎತ್ತರದಿಂದ ಒಂದೇ ಸಲಕ್ಕೆ ಸುರೀರಿ, ಆ ರಭಸವೇ ಕಲಸೋದು, ಸ್ಪೂನ್ ಹಾಕಬೇಡಿ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ 15 ನಿಮಿಷ ಪಾತ್ರೆ ಅಲುಗಾಡಿಸಬೇಡಿ, ಇಣುಕಿ ನೋಡೋದೂ ಬೇಡ. ಸರಿಯಾಗಿ ಕೂತ್ರೆ ಎಳೇ ಗಿಣ್ಣಿನ ಹಾಗೆ ನಡುಗತ್ತೆ.

ಪ್ರಶ್ನೆ (ಇನ್ನೊಬ್ಬರು): ಜಿಡಿಎಲ್ ಅಂತ ಒಂದು ಪುಡಿ ಆನ್‌ಲೈನ್ ಸಿಗತ್ತಲ್ಲ ಅದು ಆಗತ್ತಾ? ಮತ್ತೆ ನಿಂಬೆಹಣ್ಣು ಯಾಕೆ ಆಗಲ್ಲ?

ಉತ್ತರ: ಆಗತ್ತೆ, ಮೊದಲ ಸಲ ಮಾಡೋರಿಗೆ ಅದೇ ಸುಲಭ. ಗ್ಲೂಕೋನೋ ಡೆಲ್ಟಾ ಲ್ಯಾಕ್ಟೋನ್, ಲೀಟರ್‌ಗೆ 2.5ರಿಂದ 3 ಗ್ರಾಂ, ಅಳತೆಗೆ ಚಿಕ್ಕ ತೂಕದ ಮಷೀನ್ ಬೇಕೇ ಬೇಕು, ಜಾಸ್ತಿ ಆದ್ರೆ ಹುಳಿ. ಅದು ಬಿಸಿ ಹಾಲಲ್ಲಿ ನಿಧಾನಕ್ಕೆ ಆಮ್ಲ ಆಗ್ತಾ ಹೋಗತ್ತೆ, ಹಾಗಾಗಿ ಹಾಲು ಇಡಿಯಾಗಿ ಒಂದೇ ಸಮ ಕೂರತ್ತೆ. ನಿಂಬೆರಸದ ಆಮ್ಲ ಬಿದ್ದ ಜಾಗದಲ್ಲೇ ತಕ್ಷಣ ಪ್ರೋಟೀನ್ ಹಿಡಿದುಬಿಡತ್ತೆ, ಅದಕ್ಕೇ ಚೂರುಚೂರು. ಜಿಡಿಎಲ್ ನೀರಲ್ಲಿ ಕರಗಿಸಿ ಇಟ್ಕೋಬೇಡಿ, ಹಾಕೋ ಹೊತ್ತಿಗೆ ಕರಗಿಸಿ. ಆದ್ರೆ ರುಚಿ ವಿಷಯದಲ್ಲಿ ನನ್ನ ಓಟು ಜಿಪ್ಸಮ್‌ಗೇ, ಅದರಲ್ಲಿ ಸೋಯಾದ ಸಿಹಿ ಹಾಗೇ ಉಳಿಯತ್ತೆ.

ಪ್ರಶ್ನೆ: ಪಾಕಕ್ಕೆ ಬೆಲ್ಲ ಹಾಕ್ಬೋದಾ? ಖಾರದ್ದೂ ಇದೆಯಂತೆ?

ಉತ್ತರ: ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್ ಕಡೆ ಸಿಹಿ, ಬಲಿತ ಶುಂಠಿ ಜಜ್ಜಿ ಸಕ್ಕರೆ ಜೊತೆ ಕುದಿಸಿದ ಪಾಕ. ತೈವಾನ್‌ನಲ್ಲಿ ಮೆತ್ತಗೆ ಬೇಯಿಸಿದ ಕಡಲೆಕಾಯಿ ಬೀಜ ಹಾಕ್ತಾರೆ, ನಂಗೆ ಅದು ತುಂಬಾ ಇಷ್ಟ. ಬೀಜಿಂಗ್ ಕಡೆ ಇದನ್ನೇ ದೋಫುನಾವ್ ಅಂತ ಸೋಯಾ ಸಾಸ್ ಗ್ರೇವಿ, ಅಣಬೆ ಹಾಕಿ ಬೆಳಗ್ಗೆ ತಿಂಡಿಗೆ ತಿಂತಾರೆ, ಸಿಚುವಾನ್‌ನಲ್ಲಿ ಮೆಣಸಿನಕಾಯಿ ಎಣ್ಣೆ. ಬೆಲ್ಲದ ಪಾಕ ಶುಂಠಿ ಜೊತೆ ಚೆನ್ನಾಗೇ ಹೊಂದತ್ತೆ, ಆದ್ರೆ ಬಡಿಸುವಾಗ ಮೇಲೆ ಮಾತ್ರ, ಹಾಲಿಗೇ ಬೆಲ್ಲ ಹಾಕಿದ್ರೆ ಕೂರೋ ಮೊದ್ಲೇ ಒಡೆಯೋ ಸಾಧ್ಯತೆ ಇದೆ. ತೆಗೆಯೋಕೆ ಚಪ್ಪಟೆ ಸ್ಪೂನ್ ಬಳಸಿ, ತೆಳುವಾಗಿ ಪದರ ಪದರ ತೆಗೀರಿ, ಆಳಕ್ಕೆ ಸೌಟು ಹಾಕಿದ್ರೆ ನೀರು ಬಿಟ್ಕೊಳ್ಳತ್ತೆ.

ಪ್ರಶ್ನೆ: ಹಿಂಡಿದ ಚರಟ ಎಸೀಬೇಕಾ?

ಉತ್ತರ: ಬೇಡ, ಅಕ್ಕಿ ರೊಟ್ಟಿ ಹಿಟ್ಟಿಗೆ ಕಲಸಿ. ಅದೂ ಹಸಿನೇ, ರೊಟ್ಟಿ ಸಣ್ಣ ಉರಿಯಲ್ಲಿ ಚೆನ್ನಾಗಿ ಬೇಯಬೇಕು. ಅವತ್ತೇ ಬಳಸಿ, ಬೇಗ ಕೆಡತ್ತೆ.