ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಕುಣಿಯುತ್ತಿದೆ, ಸೆನ್ಸರ್ ಹಾಕಿಸಲಾ?

ಪ್ರಶ್ನೆ: ನನ್ನದು ಹತ್ತು ವರ್ಷದ ಪೆಟ್ರೋಲ್ ಕಾರು. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ 800ರಿಂದ 1400ರವರೆಗೆ ಏರಿ ಇಳಿಯುತ್ತದೆ. ಬ್ರೇಕ್ ಕೂಡ ಸ್ವಲ್ಪ ಗಟ್ಟಿ ಅನ್ನಿಸುತ್ತಿದೆ. ಚೆಕ್ ಎಂಜಿನ್ ಲೈಟ್ ಬಂದಿದೆ, ಕೋಡ್ ಪಿ0171. ಪ್ಲಗ್ ಬದಲಾಯಿಸಿ ಆಯಿತು. ಈಗ ಆಕ್ಸಿಜನ್ ಸೆನ್ಸರ್ ಹಾಕಿಸಿ ಅಂತಿದ್ದಾರೆ. ಗೊತ್ತಿರುವವರು ಹೇಳಿ.

ಉತ್ತರ: ಸ್ವಲ್ಪ ತಡೆಯಿರಿ ಸರ್. ಸೆನ್ಸರ್ ಹಾಕಿಸಿ ದುಡ್ಡು ಕಳೆದುಕೊಂಡವನು ನಾನು. ಆ ಕೋಡ್ ಹೇಳುವುದು ಇಷ್ಟೇ: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಸೆನ್ಸರ್ ಬರೀ ಚಾಡಿ ಹೇಳುತ್ತಿದೆ, ಅದನ್ನೇ ಯಾಕೆ ಬಡಿಯುವುದು?

ಸ್ಕ್ಯಾನರ್ ಇರುವವರ ಹತ್ತಿರ ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿಸಿ. ನನ್ನದರಲ್ಲಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಪ್ಲಸ್ 22 ಇತ್ತು. 2500 ಆರ್‌ಪಿಎಂನಲ್ಲಿ ಹಿಡಿದರೆ 5ಕ್ಕೆ ಇಳಿಯಿತು. ಹೀಗಿದ್ದರೆ ಹೆಚ್ಚಾಗಿ ವ್ಯಾಕ್ಯೂಮ್ ಲೀಕೇ, ಅಂದರೆ ಎಂಜಿನ್ ಎಲ್ಲೋ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಎಳೆಯುತ್ತಿದೆ. ಐಡಲ್‌ನಲ್ಲಿ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಬಹುತೇಕ ಮುಚ್ಚಿರುತ್ತದೆ, ಅದರಾಚೆ ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರು. ಸಣ್ಣ ಬಿರುಕಿನಿಂದ ನುಗ್ಗುವ ಕಳ್ಳ ಗಾಳಿಯೂ ಆಗ ದೊಡ್ಡ ಪಾಲು. ಥ್ರಾಟಲ್ ತೆರೆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಆರ್‌ಪಿಎಂ ಏರಿಸಿದರೂ ಟ್ರಿಮ್ ಇಳಿಯದಿದ್ದರೆ ಕಾರಿನೊಳಗಿನ ಫ್ಯೂಯಲ್ ಪಂಪ್, ಫ್ಯೂಯಲ್ ಫಿಲ್ಟರ್ ಕಡೆ ನೋಡಿ.

ನಾನು ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಹೋಸ್‌ಗಳ ಪಕ್ಕ ಆಡಿಸಿದೆ. (ಫ್ಯಾನ್, ಬೆಲ್ಟ್ ಹತ್ತಿರ ಹೋಗಬೇಡಿ.) ಥ್ರಾಟಲ್ ಬಾಡಿ ಹಿಂದೆ ಬಂದಾಗ ಹಲ್ಲು ಕಚ್ಚಿ ಉಸಿರೆಳೆದ ಹಾಗೆ 'ಸ್ಸ್' ಅಂತ ಕೇಳಿಸಿತು. ಅದು ಪಿಸಿವಿ ಹೋಸ್, ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಮತ್ತೆ ಮ್ಯಾನಿಫೋಲ್ಡ್‌ಗೆ ಕಳಿಸುವ ಪೈಪು. ಮೇಲಿಂದ ಚೆನ್ನಾಗೇ ಇತ್ತು. ತಿರುವಿನ ಕೆಳಗೆ ಬೆರಳಾಡಿಸಿದರೆ ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗಿದೆ, ಉಗುರಿನಷ್ಟು ಸೀಳು! ಬೆರಳಲ್ಲಿ ಒತ್ತಿ ಹಿಡಿದೆ. ಆರ್‌ಪಿಎಂ ಸುಮ್ನೆ ಕೂತಿತು.

ಹೊಸ ಹೋಸ್ 240 ರೂಪಾಯಿ, ಜೊತೆಗೆ ಎರಡು ಕ್ಲಾಂಪ್. ಮೊದಲು ಟೇಪ್ ಸುತ್ತಿ ನೋಡಿದ್ದೆ, ಬಿಸಿಗೂ ಎಣ್ಣೆಗೂ ನಾಲ್ಕೇ ದಿನದಲ್ಲಿ ಬಿಟ್ಟುಕೊಂಡಿತು.

ಇನ್ನೊಬ್ಬರು: ಕಾರ್ಬ್ ಕ್ಲೀನರ್ ಹೊಡೆದು ಹುಡುಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ವೈರ್ ಕನೆಕ್ಟರ್‌ಗಳನ್ನು ತಪ್ಪಿಸಿ ಸೋಪು ನೀರು ಸಿಂಪಡಿಸಿ. ಲೀಕ್ ಇರುವ ಕಡೆ ನೀರು ಒಳಗೆ ಎಳೆದುಕೊಳ್ಳುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ನೋಡುವುದು) ಮಾಡಿಸಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಕಿವಿಗೆ ಸಿಗುವುದು ಕಷ್ಟ. ಮತ್ತೆ, ಕೆಲವು ಕಾರುಗಳಲ್ಲಿ ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಮಾತ್ರ. ಅವುಗಳಲ್ಲಿ ಟ್ರಿಮ್ ಅಷ್ಟು ಏರದೆ ಐಡಲ್ ಮಾತ್ರ ಏರಿರಬಹುದು. ನಿಮಗೆ ಬ್ರೇಕ್ ಗಟ್ಟಿ ಅಂದಿರಲ್ವಾ, ಮೊದಲು ಬೂಸ್ಟರ್ ಹೋಸ್ (ಮ್ಯಾನಿಫೋಲ್ಡ್ ಎಳೆತದಿಂದ ಬ್ರೇಕ್ ಹಗುರ ಮಾಡುವ ಬೂಸ್ಟರ್‌ನ ಪೈಪು) ನೋಡಿ. ಅದು ಸರಿಯಾಗುವ ತನಕ ಗಾಡಿ ಓಡಿಸಬೇಡಿ.

ಪ್ರಶ್ನೆ ಕೇಳಿದವರು: ಸಿಕ್ಕಿತು! ಬೂಸ್ಟರ್ ಹೋಸೇ. ಬಿರುಕಲ್ಲ, ಇಲಿ ಕಡಿದಿದೆ, ಹಲ್ಲಿನ ಗುರುತು ಕಾಣುತ್ತಿದೆ. ಹೋಸ್ ಬದಲಾಯಿಸಿ ಕೋಡ್ ಅಳಿಸಿದೆ, ಈಗ 750ರಲ್ಲಿ ನಿಂತಿದೆ. ಬ್ರೇಕೂ ಮೊದಲಿನಂತಾಯಿತು. ಇಲಿಗೆ ಏನು ಮಾಡ್ತೀರಿ ಎಲ್ಲಾ?