ಕೊಲಿಮಾದ ಕೈದಿ ಸೇನೆಯ ದಂಡನಾಯಕರಾದದ್ದು ಹೇಗೆ?

ಪ್ರಶ್ನೆ:
ಎರಡನೇ ಮಹಾಯುದ್ಧದ ಸೋವಿಯತ್ ಸೇನಾನಿಗಳ ಬಗ್ಗೆ ಓದುತ್ತಿದ್ದಾಗ ಅಲೆಕ್ಸಾಂಡರ್ ಗೊರ್ಬಾತೊವ್ ಅವರ ಹೆಸರು ಎದುರಾಯಿತು. 1938ರಲ್ಲಿ ಬಂಧಿತರಾಗಿ, ಸೋವಿಯತ್ ದೇಶದ ಈಶಾನ್ಯ ತುದಿಯ ಕೈದಿ ಶಿಬಿರಗಳ ಪ್ರದೇಶವಾದ ಕೊಲಿಮಾದ ಚಿನ್ನದ ಗಣಿ ಸೇರಿದ್ದ ಅಧಿಕಾರಿ 1943ರ ಹೊತ್ತಿಗೆ ಒಂದು ಸೇನೆಯನ್ನೇ ನಡೆಸುವಂತಾದದ್ದು ಹೇಗೆ? ಕೆಲವೆಡೆ ಅವರನ್ನು ಕರ್ನಲ್ ಜನರಲ್ ಎಂದೂ ಕೆಲವೆಡೆ ಆರ್ಮಿ ಜನರಲ್ ಎಂದೂ ಬರೆದಿದ್ದಾರೆ. ಯಾವುದು ಸರಿ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಎರಡೂ ಸರಿ, ಕಾಲ ಬೇರೆ ಬೇರೆ. ಆರ್ಮಿ ಜನರಲ್ ಎಂಬುದು ಕರ್ನಲ್ ಜನರಲ್‌ಗಿಂತ ಮೇಲಿನ, ಮಾರ್ಷಲ್‌ಗಿಂತ ಕೆಳಗಿನ ದರ್ಜೆ. ಸೇನೆಯೊಂದನ್ನು ನಡೆಸಿದವರೆಲ್ಲ ಆ ದರ್ಜೆಯವರಾಗಿರಲಿಲ್ಲ. ಗೊರ್ಬಾತೊವ್ 3ನೇ ಸೇನೆಯನ್ನು ವಹಿಸಿಕೊಂಡಾಗ ಲೆಫ್ಟಿನೆಂಟ್ ಜನರಲ್, 1944ರಲ್ಲಿ ಕರ್ನಲ್ ಜನರಲ್, 1955ರಲ್ಲಿ ಆರ್ಮಿ ಜನರಲ್. ಜರ್ಮನ್ ದಾಳಿಯ ನಂತರ ಅನುಭವಿ ಅಧಿಕಾರಿಗಳ ಕೊರತೆಯಾಗಿ ಅವರನ್ನು ಬಿಡುಗಡೆ ಮಾಡಿದರೆಂದು ಭಾವಿಸಿದ್ದೇನೆ.

ಉತ್ತರ 2:
ದರ್ಜೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ, ಬಿಡುಗಡೆಯ ಮಾತು ಮಾತ್ರ ಹಾಗಲ್ಲ. ಅವರು ಹೊರಬಂದದ್ದು 1941ರ ಮಾರ್ಚ್‌ನಲ್ಲಿ, ಅಂದರೆ ದಾಳಿಗೆ ಮೂರು ತಿಂಗಳಿಗೂ ಮುಂಚೆ. ಅವರ ಪತ್ನಿ ಕಚೇರಿಯಿಂದ ಕಚೇರಿಗೆ ಅಲೆದು ಸಲ್ಲಿಸಿದ ಮನವಿಗಳೂ ಹಳೆಯ ಅಶ್ವದಳದ ನಾಯಕ ಬುದ್ಯೊನ್ನಿಯವರ ಬೆಂಬಲವೂ ಪ್ರಕರಣದ ಮರುಪರಿಶೀಲನೆಗೆ ದಾರಿ ಮಾಡಿಕೊಟ್ಟವು.

ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಿಂತಿರುವುದು ಅವರ ವಿಚಾರಣೆಯ ಪ್ರಸಂಗ. ಮಾಸ್ಕೋದ ಲೆಫೊರ್ತೊವೊ ಸೆರೆಮನೆಯಲ್ಲಿ ಎಷ್ಟು ಹೊಡೆದು ಬಡಿದರೂ, ಜೊತೆಗಿದ್ದ ಕೈದಿಗಳೇ ತಪ್ಪೊಪ್ಪಿಗೆ ಬರೆದು ಸಹಿ ಹಾಕಿಬಿಡುವುದು ಮೇಲೆಂದು ಬುದ್ಧಿ ಹೇಳಿದರೂ, ಅವರು ಮಾಡದ ತಪ್ಪನ್ನು ಒಪ್ಪಲಿಲ್ಲ, ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ಹಾಗಿದ್ದೂ 15 ವರ್ಷಗಳ ಶಿಕ್ಷೆಯಾಯಿತು. ಒಖೋಟ್ಸ್ಕ್ ಸಮುದ್ರದಲ್ಲಿ ಸಾಗುತ್ತಿದ್ದ ಹಡಗಿನಲ್ಲಿ, ತಲೆಯಡಿ ಇಟ್ಟುಕೊಂಡಿದ್ದ ಬೂಟುಗಳನ್ನು ಕಳ್ಳಕೈದಿಗಳು ಅವರನ್ನು ಹೊಡೆದು ಕಿತ್ತುಕೊಂಡರು. ಕಾವಲಿನವರು ನೋಡಿ ನಕ್ಕರು. ಕೊಲಿಮಾದ ಮಾಲ್ದ್ಯಾಕ್ ಗಣಿಯಲ್ಲಿ ಕಾಲುಗಳು ಬಾತುಕೊಂಡವು, ಹಲ್ಲುಗಳು ಅಲುಗಾಡತೊಡಗಿದವು. ಈ ಸ್ಥಿತಿಯಿಂದ ಬಂದ ಐವತ್ತರ ಮನುಷ್ಯ 1941ರ ಬೇಸಿಗೆಯಲ್ಲೇ ವಿತೆಬ್ಸ್ಕ್ ಬಳಿಯ ಕಾಳಗದಲ್ಲಿ ಗಾಯಗೊಂಡು, ಚೇತರಿಸಿಕೊಂಡ ಮೇಲೆ ಮತ್ತೆ ರಣರಂಗಕ್ಕೆ ಹೋದರು.

ಉತ್ತರ 3:
ಮೇಲಿನ ಬರಹಕ್ಕೆ ಯುದ್ಧದ ಭಾಗವನ್ನು ಸೇರಿಸಬಯಸುತ್ತೇನೆ. 1943ರ ಆಗಸ್ಟ್ 5ರಂದು ಓರ್ಯೋಲ್ ನಗರವನ್ನು ಬಿಡಿಸಿಕೊಂಡ ಪಡೆಗಳಲ್ಲಿ ಅವರ 3ನೇ ಸೇನೆಯೂ ಇತ್ತು. 1944ರ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ನೀಪರ್ ನದಿಯನ್ನು ದಾಟಿಸಿ ಅವರು ರೊಗಚೋವ್ ಪಟ್ಟಣವನ್ನು ಗೆದ್ದರು. ಬಬ್ರುಯಿಸ್ಕ್ ಮತ್ತು ಪೂರ್ವ ಪ್ರಷ್ಯದ ಕಾಳಗಗಳು ಅನಂತರದವು.

ಹಲವು ಸೇನೆಗಳನ್ನೊಳಗೊಂಡ ಫ್ರಂಟ್‌ನ ಮುಖ್ಯಸ್ಥರಾಗಿದ್ದ ರೊಕೊಸೊವ್ಸ್ಕಿಯವರ ಒಂದು ಆದೇಶದಿಂದ ತಮ್ಮ ಸೈನಿಕರು ವೃಥಾ ಸಾಯುತ್ತಾರೆ ಎನ್ನಿಸಿದಾಗ, ಗೊರ್ಬಾತೊವ್ ನೇರವಾಗಿ ಮಾಸ್ಕೋದ ಸರ್ವೋಚ್ಚ ಕೇಂದ್ರಕ್ಕೇ ದೂರು ಕೊಟ್ಟರು. ಆ ನಡೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತೆಂದೇ ರೊಕೊಸೊವ್ಸ್ಕಿ ಮುಂದೆ ಬರೆದರು. ರೊಕೊಸೊವ್ಸ್ಕಿಯವರೂ ಸೆರೆಮನೆ ಕಂಡು ಬಂದವರೇ. ಲೆಫೊರ್ತೊವೊದಲ್ಲಿ ಸಹಿ ಹಾಕಲು ಒಪ್ಪದ ಗೊರ್ಬಾತೊವ್ ಅವರೇ ಇಲ್ಲಿಯೂ ಸುಮ್ಮನಿರಲಿಲ್ಲವೆಂದು ನಾನು ಓದಿಕೊಳ್ಳುತ್ತೇನೆ.

1945ರ ಜೂನ್‌ನಲ್ಲಿ ಬರ್ಲಿನ್‌ನ ಕಮಾಂಡೆಂಟ್ ಬೆರ್ಜಾರಿನ್ ಅಪಘಾತದಲ್ಲಿ ತೀರಿಕೊಂಡಾಗ ಆ ಹೊಣೆ ಇವರಿಗೆ ಬಂತು. 1950ರಿಂದ 1954ರವರೆಗೆ ವಾಯುಗಾಮಿ (ಪ್ಯಾರಾಚೂಟ್‌ನಲ್ಲಿ ಇಳಿಯುವ) ಪಡೆಗಳ ಮುಖ್ಯಸ್ಥರಾಗಿದ್ದರು. ಕೊಲಿಮಾದ ಸಂಗತಿಗಳನ್ನು ಅವರೇ ಬರೆದಿದ್ದಾರೆ. ಅವರ ನೆನಪುಗಳು 1964ರಲ್ಲಿ ‘ನೋವಿ ಮಿರ್’ ಮಾಸಪತ್ರಿಕೆಯಲ್ಲಿ ಪ್ರಕಟವಾದಾಗ ಅವರಿನ್ನೂ ಬದುಕಿದ್ದರು.