ಇಂಡೋನೇಷ್ಯಾದ ಪೀಟ್ ನೆಲ: ಕಾನೂನಿದ್ದರೂ ಬೆಂಕಿ ಏಕೆ?

ಪ್ರಶ್ನೆ: ಜಮೀನು ಹಸನು ಮಾಡಲು ಬೆಂಕಿ ಹಚ್ಚುವುದನ್ನು 2009ರ ಪರಿಸರ ಕಾಯ್ದೆಯೇ ನಿಷೇಧಿಸಿದೆ. ಆದರೂ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳಿಂದಾದ ನೆಲ) ಏಕೆ ಉರಿಯುತ್ತದೆ?

ಉತ್ತರ 1: ಸಮಸ್ಯೆಯ ಮೂಲ ಇರುವುದು ಕಾಲುವೆಗಳಲ್ಲಿ. ತಾಳೆ, ಅಕೇಶಿಯಾ ಬೆಳೆಯಲು ನೀರು ಬಸಿದರೆ ಪೀಟ್ ಒಣಗಿ ಇಂಧನವಾಗುತ್ತದೆ. ಕಿಡಿ ನೆಲದೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ, ಮೇಲೆ ನೀರು ಚಿಮುಕಿಸಿದರೆ ಆರದು. ಅದಕ್ಕೇ 2016ರ ನಿಯಮದಲ್ಲಿ ನೀರಿನ ಮಟ್ಟ ನೆಲದಿಂದ 40 ಸೆಂ.ಮೀ.ಗಿಂತ ಕೆಳಗಿಳಿಯಬಾರದು ಎಂದಿದೆ. ನನ್ನ ಪ್ರಕಾರ ಶಿಕ್ಷೆಗಿಂತ ಇದೇ ಮುಖ್ಯ.

ಉತ್ತರ 2: ಈ ನೀರಿನ ಮಟ್ಟ ಅಳೆಯಲು ತೂತು ಕೊರೆದ ಪಿವಿಸಿ ಪೈಪನ್ನು ಅಡಿಯ ಗಟ್ಟಿ ಮಣ್ಣಿಗೆ ತಾಕುವಂತೆ ಇಳಿಸಿ. ನೀರು ತಡೆದು ನಿಲ್ಲಿಸಲು ಕಾಲುವೆಗೆ ಒಂದೇ ದೊಡ್ಡ ಕಟ್ಟೆ ಬೇಡ, ಇಳಿಜಾರಿಗೆ ತಕ್ಕಂತೆ ಚಿಕ್ಕವು ಸಾಲಾಗಿರಲಿ. ಕೋಡಿ ಬಿಡದಿದ್ದರೆ ನೀರು ಪಕ್ಕದ ಮೆತ್ತನೆ ಪೀಟ್ ಕೊರೆದುಕೊಂಡು ಹೋಗುತ್ತದೆ.

ಉತ್ತರ 3: ಬೆಂಕಿ ನಿಷೇಧದಿಂದ ಸಾಂಪ್ರದಾಯಿಕ ರೈತರಿಗೆ ವಿನಾಯಿತಿ ಇದೆ: ಕುಟುಂಬಕ್ಕೆ 2 ಹೆಕ್ಟೇರ್‌ವರೆಗೆ, ಸ್ಥಳೀಯ ತಳಿ, ಸುತ್ತ ಬೆಂಕಿ ರೇಖೆ (ಬೆಂಕಿ ಹರಡದಂತೆ ತೆರವು ಮಾಡಿದ ಪಟ್ಟಿ). ಆದರೆ ಒಣಗಿದ ಪೀಟ್‌ನಲ್ಲಿ ಬೆಂಕಿ ಆ ರೇಖೆಯ ಅಡಿಯಿಂದಲೇ ದಾಟುತ್ತದೆ!